ದಂಡೆ ಕೊಚ್ಚಿಹೋಗುತ್ತಿದೆ, ಗೋಡೆ ಕಟ್ಟಿಸಬೇಕಾ?

ಪ್ರಶ್ನೆ: ನಾನು ಒಂದು ಪುಟ್ಟ ಹವಳದ ದ್ವೀಪದಲ್ಲಿ ಹದಿನಾರು ಕೋಣೆಗಳ ಅತಿಥಿಗೃಹ ನೋಡಿಕೊಳ್ಳುತ್ತಿದ್ದೇನೆ. ಬಂದು ಮೂರು ವರ್ಷ ಆಯಿತು. ಈ ತುದಿಯಿಂದ ಆ ತುದಿಗೆ ನಡೆದರೆ ಹತ್ತು ನಿಮಿಷದ ದ್ವೀಪ. ಕಳೆದ ಮಳೆಗಾಲದಿಂದ ಈಚೆಗೆ ಪಶ್ಚಿಮದ ದಂಡೆ ಹನ್ನೆರಡು ಹೆಜ್ಜೆ ಒಳಗೆ ಬಂದಿದೆ. ನಾಲ್ಕು ದೊಡ್ಡ ತೆಂಗಿನ ಮರ ಬಿದ್ದವು. ಮರಳು ಹೋದ ಜಾಗದಲ್ಲಿ ಗಾರೆ ನೆಲದಂಥ ಕಲ್ಲಿನ ಹಾಸು ಕಾಣಿಸುತ್ತಿದೆ. ಪೂರ್ವದಲ್ಲಿ ಮಾತ್ರ ಜೆಟ್ಟಿಗೆ ಒತ್ತಿಕೊಂಡು ಹೊಸ ಮರಳ ದಿಣ್ಣೆ ಬೆಳೆದಿದೆ. ಎರಡು ವರ್ಷದ ಹಿಂದೆ ದೋಣಿ ನಿಲ್ಲಲು ದಕ್ಷಿಣದ ತುದಿಯಲ್ಲಿ ಕಲ್ಲು ತುಂಬಿಸಿ ಈ ಜೆಟ್ಟಿ ಕಟ್ಟಿದ್ದು. ಗುತ್ತಿಗೆದಾರರು ಕಾಂಕ್ರೀಟ್ ಗೋಡೆ ಕಟ್ಟಿ ಅನ್ನುತ್ತಾರೆ. ಮಾಲೀಕರು ಲಗೂನಿನಿಂದ, ಅಂದರೆ ಹವಳದ ದಿಬ್ಬದ ಒಳಗಿನ ಶಾಂತ ನೀರಿನಿಂದ, ಮರಳು ಪಂಪ್ ಮಾಡಿಸೋಣ ಅನ್ನುತ್ತಾರೆ. ಅತಿಥಿಗಳಿಗೆ ನೀರೊಳಗಿನ ಹುಲ್ಲು ಕಂಡರೆ ಆಗಲ್ಲ, ಕಿತ್ತುಹಾಕಿ ಅಂತಾರೆ. ಬಾವಿ ನೀರು ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗುತ್ತಿದೆ. ಹತ್ತು ವರ್ಷದಲ್ಲಿ ದ್ವೀಪವೇ ಮುಳುಗುತ್ತೆ, ಸುಮ್ನೆ ದುಡ್ಡು ಸುರಿಯಬೇಡಿ ಅನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ. ಅತಿಥಿಯೊಬ್ಬರ ಮಗ, ‘ಈ ಬಿಳಿ ಮರಳೆಲ್ಲ ಮೀನಿನ ಕಕ್ಕ ಅಂತೆ, ಹೌದಾ ಅಂಕಲ್?’ ಅಂತ ಕೇಳಿದ. ನನಗೆ ಉತ್ತರ ಗೊತ್ತಾಗಲಿಲ್ಲ.

ಉತ್ತರ: ಮೊದಲು ಆ ಹುಡುಗನಿಗೆ ಉತ್ತರ ಕೊಟ್ಟುಬಿಡೋಣ. ನಿಮ್ಮ ಗೋಡೆಯ ಪ್ರಶ್ನೆಗೂ ಅದರಲ್ಲೇ ಅರ್ಧ ಉತ್ತರ ಇದೆ.

ಹುಡುಗ ಹೇಳಿದ್ದು ಬಹುಮಟ್ಟಿಗೆ ನಿಜ. ಹವಳದ ದಿಬ್ಬದಲ್ಲಿ ಗಿಳಿಮೀನು ಅಂತ ಒಂದು ಜಾತಿ ಇದೆ. ಹಲ್ಲುಗಳೆಲ್ಲ ಒಂದಕ್ಕೊಂದು ಅಂಟಿ ಗಿಳಿಯ ಕೊಕ್ಕಿನ ಹಾಗೆ ಆಗಿರುತ್ತವೆ. ಅದಕ್ಕೆ ಬೇಕಾಗಿರುವುದು ಸತ್ತ ಹವಳದ ಮೇಲೆ ಮತ್ತು ಒಳಗೆ ಬೆಳೆಯುವ ಪಾಚಿ, ಸೂಕ್ಷ್ಮಜೀವಿಗಳು. ಆದರೆ ಕೊಕ್ಕು ಹಾಕಿದಾಗ ಕಲ್ಲೂ ಬಾಯಿಗೆ ಬರುತ್ತದೆ. ಗಂಟಲಲ್ಲಿರುವ ಇನ್ನೊಂದು ಜೊತೆ ಹಲ್ಲು ಅದನ್ನು ನುಣ್ಣಗೆ ಅರೆಯುತ್ತದೆ. ತಿನ್ನುವುದು ಹೊಟ್ಟೆಗೆ, ಉಳಿದ ಸುಣ್ಣದ ಪುಡಿ ಹಿಂದಿನಿಂದ ಹೊರಗೆ. ಲಗೂನಿನ ಆಚೆ ಅಂಚಿನಲ್ಲಿ ಮುಖ ನೀರಿಗಿಟ್ಟು ಉಸಿರು ಬಿಗಿಹಿಡಿದು ಒಂದು ನಿಮಿಷ ಸುಮ್ಮನೆ ತೇಲಿ. ಚಕ್ಕುಲಿ ಕಡಿದ ಹಾಗೆ ‘ಕರ್ ಕರ್’ ಶಬ್ದ ಕೇಳಿಸುತ್ತದೆ. ಅದು ಗಿಳಿಮೀನಿನ ಊಟದ ಸದ್ದು. ಸ್ವಲ್ಪ ಹೊತ್ತಿಗೆ ಒಂದು ಮೀನು ಬಾಲ ಅಲ್ಲಾಡಿಸಿ ಮುಂದೆ ಹೋಗುವಾಗ ಹಿಂದೆ ಬಿಳಿ ಹೊಗೆಯಂಥದ್ದು ಬಿಡುತ್ತದೆ. ಹೊಗೆ ಕೆಳಗೆ ಕೂತರೆ ಅದೇ ಮರಳು.

ಇದು ತಮಾಷೆಯ ಲೆಕ್ಕ ಅಲ್ಲ. ಮಾಲ್ಡೀವ್ಸ್‌ನ ವಕ್ಕರು ದ್ವೀಪದ ಸುತ್ತ ಸಂಶೋಧಕರು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕೂ ಜಾಸ್ತಿ ಗಿಳಿಮೀನಿನದ್ದು. ಇನ್ನು ಸುಮಾರು ಶೇ. 10 ಹಾಲಿಮೆಡಾ ಅನ್ನುವ ಹಸಿರು ಪಾಚಿಯದ್ದು. ಈ ಪಾಚಿ ತನ್ನ ಮೈಯಲ್ಲೇ ಸುಣ್ಣ ತುಂಬಿಕೊಂಡು, ಸತ್ತಾಗ ಬಿಳಿ ಬಿಲ್ಲೆಗಳಾಗಿ ಉದುರುತ್ತದೆ.

ಎಲ್ಲ ದ್ವೀಪಕ್ಕೂ ಇದೇ ಲೆಕ್ಕ ಅನ್ವಯಿಸುವುದಿಲ್ಲ. ಪೆಸಿಫಿಕ್‌ನ ಎಷ್ಟೋ ದ್ವೀಪಗಳಲ್ಲಿ ಮರಳಿನ ದೊಡ್ಡ ಪಾಲು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು. ಜಪಾನಿನ ಒಕಿನಾವಾ ಕಡೆ ‘ನಕ್ಷತ್ರ ಮರಳು’ ಅಂತ ಜನ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರಲ್ಲ, ಅದು ಇದೇ. ಒಂದು ಭೂತಗನ್ನಡಿ ತಂದು ನಿಮ್ಮ ದಂಡೆಯ ಮರಳನ್ನು ಅಂಗೈಯಲ್ಲಿ ಹರಡಿ ನೋಡಿ. ಮೂಲೆ ಸವೆದ ಮಾಸಲು ಕಾಳುಗಳು ಹವಳದ್ದು. ಚಪ್ಪಟೆ ಬಿಲ್ಲೆ ಹಾಲಿಮೆಡಾ. ನಸುಗೆಂಪು ಚೂರಿದ್ದರೆ ಫೊರಾಮಿನಿಫೆರಾದ ಒಂದು ಜಾತಿ. ಒಳಗೆ ಮಿರುಗುವ ಪದರ ಇದ್ದರೆ ಚಿಪ್ಪಿನ ತುಂಡು. ಎಲ್ಲವೂ ಒಂದು ಕಾಲಕ್ಕೆ ಜೀವ ಇದ್ದದ್ದೇ. ಮುಂದಿನ ಸಲ ಆ ಹುಡುಗ ಬಂದರೆ ಅವನ ಕೈಗೂ ಭೂತಗನ್ನಡಿ ಕೊಡಿ.

ಇದನ್ನು ಇಷ್ಟು ಎಳೆದು ಹೇಳಿದ್ದಕ್ಕೆ ಕಾರಣ ಇದೆ. ದೊಡ್ಡ ನೆಲದ ಕರಾವಳಿಗೆ ನದಿ ಮರಳು ತಂದು ಸುರಿಯುತ್ತದೆ. ಜ್ವಾಲಾಮುಖಿಯಿಂದ ಎದ್ದ ದ್ವೀಪವಾದರೆ ಸವೆಯಲು ಬೆಟ್ಟವಾದರೂ ಇರುತ್ತದೆ. ಸೆಶೆಲ್ಸ್‌ನ ಕೆಲವು ದ್ವೀಪಗಳಲ್ಲಿ ಗ್ರಾನೈಟ್ ಬಂಡೆ ಇದೆ. ನಿಮ್ಮಂಥ ತಗ್ಗು ಹವಳ ದ್ವೀಪಕ್ಕೆ ಇದ್ಯಾವುದೂ ಇಲ್ಲ. ಸುತ್ತಲಿನ ದಿಬ್ಬದಲ್ಲಿ ಜೀವಿಗಳು ಎಷ್ಟು ಮರಳು ಮಾಡುತ್ತವೋ ಅಷ್ಟೇ. ದಿನ ದುಡಿದು ದಿನ ಉಣ್ಣುವ ಸಂಸಾರ ಇದು.

ಮುಳುಗುವ ಮಾತು

ಮುಳುಗುವ ವಿಷಯದಲ್ಲಿ ಎರಡು ಬೇರೆ ಸಂಗತಿಗಳನ್ನು ಜನ ಒಂದೇ ಮಾಡಿಬಿಟ್ಟಿದ್ದಾರೆ. ನೆಲ ಕೆಳಗೆ ಕುಸಿಯುವುದು ಒಂದು, ನೀರು ಮೇಲೆ ಏರುವುದು ಇನ್ನೊಂದು.

ಅಟಾಲ್‌ಗಳ, ಅಂದರೆ ಬಳೆಯಾಕಾರದ ಹವಳ ದ್ವೀಪಗಳ, ಕೆಳಗಿನ ನೆಲ ಕುಸಿಯುತ್ತಿರುವುದು ನಿಜ. ಸಮುದ್ರದಿಂದ ಎದ್ದ ಜ್ವಾಲಾಮುಖಿ ನಿಧಾನಕ್ಕೆ ಕೆಳಗಿಳಿಯುತ್ತದೆ, ಅದರ ಸುತ್ತ ಹವಳ ಮೇಲೆ ಮೇಲೆ ಕಟ್ಟುತ್ತಾ ಹೋಗುತ್ತದೆ, ಕೊನೆಗೆ ಬೆಟ್ಟ ಕಾಣೆಯಾಗಿ ಹವಳದ ಬಳೆ ಮಾತ್ರ ಉಳಿಯುತ್ತದೆ ಅಂತ ಚಾರ್ಲ್ಸ್ ಡಾರ್ವಿನ್ 1842ರಲ್ಲೇ ಬರೆದಿದ್ದರು. ನೋಡಿಯೇ ಬಿಡೋಣ ಅಂತ 1890ರ ದಶಕದಲ್ಲಿ ಪೆಸಿಫಿಕ್‌ನ ಟುವಾಲುವಿನ ಫುನಾಫುಟಿ ಅಟಾಲಿನಲ್ಲಿ ಕೊರೆದರು. ಮುನ್ನೂರು ಮೀಟರ್ ದಾಟಿದರೂ ಬರೀ ಸುಣ್ಣಕಲ್ಲು. ಜ್ವಾಲಾಮುಖಿಯ ಕಲ್ಲು ಸಿಕ್ಕಿದ್ದು 1952ರಲ್ಲಿ ಮಾರ್ಷಲ್ ದ್ವೀಪಗಳ ಎನೆವೆಟಾಕ್ ಅಟಾಲಿನಲ್ಲಿ, 1,200 ಮೀಟರಿಗೂ ಕೆಳಗೆ. ಡಾರ್ವಿನ್ ಹೇಳಿದ್ದು ಸರಿಯಾಗಿತ್ತು. ಆದರೆ ಅಷ್ಟು ಕುಸಿಯಲು ಕೋಟಿಗಟ್ಟಲೆ ವರ್ಷ ಹಿಡಿದಿದೆ. ಅದಕ್ಕೂ ನಿಮ್ಮ ಹದಿನಾರು ಕೋಣೆಗಳಿಗೂ ಸಂಬಂಧ ಇಲ್ಲ.

ನೀರು ಏರುತ್ತಿರುವುದಕ್ಕೆ ಸಂಬಂಧ ಇದೆ. 1901ರಿಂದ 2018ರ ನಡುವೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರ ನಂತರದ ವೇಗ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್. ಹಾಗಾದರೆ ದ್ವೀಪಗಳೆಲ್ಲ ಕಿರಿದಾಗಿರಬೇಕು ಅಲ್ವಾ? ಹಳೆಯ ವಿಮಾನ ಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಆಶ್ಚರ್ಯ ಕಾದಿತ್ತು. ಟುವಾಲುವಿನ 101 ದ್ವೀಪಗಳನ್ನು 1971ರಿಂದ 2014ರವರೆಗೆ ಅಳೆದಾಗ ಒಟ್ಟು ನೆಲ ಶೇ. 2.9ರಷ್ಟು ಜಾಸ್ತಿಯಾಗಿತ್ತು. ಸುಮಾರು ಮುಕ್ಕಾಲು ಪಾಲು ದ್ವೀಪಗಳು ಬೆಳೆದಿದ್ದವು. ದಿಬ್ಬದ ಮೇಲಿನ ಮರಳು, ಹವಳದ ಚೂರುಗಳನ್ನು ಅಲೆಗಳೇ ಎತ್ತಿ ದ್ವೀಪಕ್ಕೆ ಸೇರಿಸಿದ್ದವು.

ಇದನ್ನು ಓದಿ ‘ಹಾಗಾದರೆ ಏನೂ ಆಗಲ್ಲ’ ಅನ್ನುವವರನ್ನೂ ನಂಬಬೇಡಿ. ಸಾಲೊಮನ್ ದ್ವೀಪಗಳಲ್ಲಿ ಮರಗಿಡ ಇದ್ದ ಐದು ಸಣ್ಣ ದ್ವೀಪಗಳು 1947ರಿಂದ 2014ರೊಳಗೆ ಪೂರ್ತಿ ಮಾಯವಾಗಿವೆ. ಅಲ್ಲಿ ನೀರು ಏರುವ ವೇಗವೂ ಜಾಸ್ತಿ, ಅಲೆಯ ಹೊಡೆತವೂ ಜಾಸ್ತಿ. ಅದೂ ಅಲ್ಲದೆ ನೆಲದ ವಿಸ್ತೀರ್ಣ ಉಳಿದರೆ ಬದುಕು ಉಳಿಯಿತು ಅಂತ ಅರ್ಥ ಅಲ್ಲ. ಮಾರ್ಷಲ್ ದ್ವೀಪಗಳ ರೋಯಿ-ನಮೂರ್‌ನಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಎಚ್ಚರಿಕೆ ಕೊಟ್ಟಿತು. ನೆಲ ಮುಳುಗುವ ಎಷ್ಟೋ ಮೊದಲೇ ಅಲೆಗಳು ಪದೇ ಪದೇ ಮೇಲೆ ಹರಿದು ಬಾವಿ ನೀರು ಕೆಡುತ್ತದೆ, ಈ ಶತಮಾನದ ಮಧ್ಯಕ್ಕೇ ಇಂಥ ದ್ವೀಪಗಳಲ್ಲಿ ಇರುವುದು ಕಷ್ಟವಾಗಬಹುದು ಅಂತ. ನಿಮ್ಮ ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದ ಬಾವಿಯ ವಿಷಯಕ್ಕೆ ಅದಕ್ಕೇ ಆಮೇಲೆ ಬರುತ್ತೇನೆ.

ಅಂದರೆ ಹತ್ತು ವರ್ಷದಲ್ಲಿ ಮುಳುಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ದ್ವೀಪ ಕೂತಲ್ಲೇ ಕೂತಿರುತ್ತದೆ ಅನ್ನುವುದಕ್ಕೂ ಇಲ್ಲ. ಹವಳದ ದ್ವೀಪ ಕದಲುತ್ತದೆ, ಮಗ್ಗುಲು ಬದಲಿಸುತ್ತದೆ. ಹಾಗೆ ಕದಲಿದ್ದರಿಂದಲೇ ಇಷ್ಟು ದಿನ ಉಳಿದಿದೆ.

ನಿಮ್ಮ ದಂಡೆಗೆ ಏನಾಗಿದೆ

ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದ್ವೀಪದ ಕಡಲ್ಕೊರೆತ ನೋಡಲು ಕಳಿಸಿದ್ದರು. ಮಳೆಗಾಲ ಮುಗಿದ ವಾರ ಅದು. ದಂಡೆ ಗೋಡೆಯ ಹಾಗೆ ಕಡಿದುಹೋಗಿತ್ತು, ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ನಾನೊಂದು ಮರದ ಗೂಟ ಹೊಡೆದು, ಅಳತೆ ತೆಗೆದು, ‘ತೀವ್ರ ಕೊರೆತ’ ಅಂತ ದಪ್ಪ ವರದಿ ಬರೆದೆ. ಆರು ತಿಂಗಳು ಬಿಟ್ಟು ಹೋದರೆ ಗೂಟ ಕಾಣಲಿಲ್ಲ. ಯಾರೋ ಕಿತ್ತಿದ್ದಾರೆ ಅಂದುಕೊಂಡೆ. ಜೊತೆಗಿದ್ದ ಅಲ್ಲಿನ ದೋಣಿಯವರು ನಕ್ಕು ಒಂದು ಕಡೆ ಅಗೆದರು. ಸೊಂಟದಾಳ ಮರಳಿನ ಕೆಳಗೆ ಗೂಟ ನೆಟ್ಟಗೆ ನಿಂತಿತ್ತು. ವರದಿ ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುವ ಕಡೆಯೆಲ್ಲ ಹೀಗೆ ಆಗುತ್ತದೆ. ಒಂದು ಕಾಲದಲ್ಲಿ ಅಲೆ ಮರಳನ್ನು ಒಂದು ಬದಿಯಿಂದ ಎತ್ತಿ ದ್ವೀಪದ ಸುತ್ತ ಸಾಗಿಸಿ ಇನ್ನೊಂದು ಬದಿಯಲ್ಲಿ ಇಡುತ್ತದೆ. ಗಾಳಿ ತಿರುಗಿದಾಗ ವಾಪಸ್ ತರುತ್ತದೆ. ಮಾಲ್ಡೀವ್ಸ್‌ನಲ್ಲಿ ಹೀಗೆ ದಂಡೆಯ ಅಂಚು ಒಂದೇ ವರ್ಷದಲ್ಲಿ ಹತ್ತಾರು ಮೀಟರ್ ಆಚೀಚೆ ಹೋಗುವುದನ್ನು ಅಳೆದಿದ್ದಾರೆ. ನಿಮ್ಮ ಹನ್ನೆರಡು ಹೆಜ್ಜೆಯಿಂದ ನನಗೆ ಗಾಬರಿ ಆಗದಿರುವುದು ಅದಕ್ಕೇ.

ನನಗೆ ಚಿಂತೆ ಹುಟ್ಟಿಸಿದ್ದು ತೆಂಗಿನ ಮರಗಳು. ವರ್ಷ ವರ್ಷ ಬಂದು ಹೋಗುವ ಮರಳಿನ ಮೇಲೆ ತೆಂಗು ದೊಡ್ಡದಾಗುವುದಿಲ್ಲ. ಬಿದ್ದ ಮರದ ಕಾಂಡದಲ್ಲಿ ಗರಿ ಉದುರಿದ ಬಳೆಯಂಥ ಗುರುತುಗಳಿರುತ್ತವಲ್ಲ, ಅವನ್ನು ಎಣಿಸಿ. ತೆಂಗು ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು ಗರಿ ಬಿಡುತ್ತದೆ. ಹನ್ನೆರಡರಿಂದ ಭಾಗಿಸಿದರೆ ಅಂದಾಜು ವಯಸ್ಸು ಸಿಗುತ್ತದೆ. ಬುಡದಲ್ಲಿ ಗುರುತು ಸವೆದಿರುತ್ತದೆ, ಅದಕ್ಕೆ ನಾಲ್ಕೈದು ವರ್ಷ ಸೇರಿಸಿಕೊಳ್ಳಿ. ನಲವತ್ತು ಬಂದರೆ, ಸಮುದ್ರ ನಲವತ್ತು ವರ್ಷದಿಂದ ಬರದಿದ್ದ ಜಾಗಕ್ಕೆ ಈಗ ಬಂದಿದೆ ಅಂತ ಅರ್ಥ. ಇದು ಬರೀ ಋತುವಿನ ಆಟ ಅಲ್ಲ.

ಗಾರೆ ನೆಲದಂಥ ಕಲ್ಲಿನ ಹಾಸೂ ಒಂದು ಸಾಕ್ಷಿ. ದಂಡೆಯ ಒಳಗೆ, ಉಬ್ಬರ-ಇಳಿತದ ಮಟ್ಟದಲ್ಲಿ, ನೀರಿನಲ್ಲಿ ಕರಗಿದ ಸುಣ್ಣ ಮರಳನ್ನು ಅಂಟಿಸಿ ಕಲ್ಲು ಮಾಡುತ್ತದೆ. ಇದಕ್ಕೆ ಬೀಚ್‌ರಾಕ್ ಅನ್ನುತ್ತಾರೆ. ಸಾವಿರಾರು ವರ್ಷ ಬೇಕಿಲ್ಲ, ಗಾಜಿನ ಬಾಟಲಿ ಹುದುಗಿರುವ ಹಾಸುಗಳೂ ಸಿಕ್ಕಿವೆ. ಇದು ಮೂಲತಃ ಮರಳಿನ ಕೆಳಗೆ ಹುಟ್ಟುವಂಥದ್ದು. ಮೇಲೆ ಕಂಡಿತು ಅಂದರೆ ಮುಚ್ಚಿದ್ದ ಮರಳು ಹೋಗಿದೆ. ಹಿರಿಯರನ್ನು ಕೇಳಿ: ‘ಈ ಕಲ್ಲು ಮುಂಚೆ ಯಾವಾಗಲಾದರೂ ಕಂಡಿತ್ತಾ?’ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಕಂಡು ಮರೆಯಾಗುತ್ತಿತ್ತು ಅಂದರೆ ಒಂದು ಮಾತು. ಯಾರೂ ಕಂಡಿಲ್ಲ ಅಂದರೆ ಬೇರೆ ಮಾತು. ಅಂದಹಾಗೆ, ಜಾರುತ್ತದೆ ಅಂತ ಅದನ್ನು ಒಡೆಸಿಬಿಡಬೇಡಿ. ಸದ್ಯಕ್ಕೆ ಪುಕ್ಕಟೆಯಾಗಿ ಸಿಕ್ಕ ತಡೆಗೋಡೆ ಅದು.

ಇನ್ನು ಜೆಟ್ಟಿ. ನಿಮ್ಮ ಪತ್ರದಲ್ಲಿ ನಾನು ಅಡಿಗೆರೆ ಎಳೆದ ಒಂದೇ ಸಾಲು ‘ಜೆಟ್ಟಿಗೆ ಒತ್ತಿಕೊಂಡು ಹೊಸ ಮರಳ ದಿಣ್ಣೆ’. ಮಳೆಗಾಲದ ಅಲೆ ಪಶ್ಚಿಮದ ಮರಳನ್ನು ಉತ್ತರದ ತುದಿ ಬಳಸಿ ಪೂರ್ವಕ್ಕೆ ಒಯ್ದಿದೆ. ಗಾಳಿ ತಿರುಗಿದ ಮೇಲೆ ಆ ಮರಳು ದಕ್ಷಿಣದ ತುದಿ ಬಳಸಿ ಪಶ್ಚಿಮಕ್ಕೆ ಬರಬೇಕಿತ್ತು. ದಾರಿಯಲ್ಲಿ ಕಲ್ಲು ತುಂಬಿದ ಜೆಟ್ಟಿ ಅಡ್ಡ ನಿಂತಿದೆ. ಹೋದ ಮರಳಿಗೆ ಮನೆಗೆ ಬರಲು ದಾರಿ ಇಲ್ಲ. ಜಾಗ ಕಣ್ಣಾರೆ ನೋಡದೆ ಇದನ್ನೇ ಖಂಡಿತ ಅನ್ನಲಾರೆ, ಆದರೆ ನನ್ನ ಮೊದಲ ಅನುಮಾನ ಇದರ ಮೇಲೇ.

ಇಂಥದ್ದು ಬೇರೆ ಕಡೆಯೂ ಆಗಿದೆ. ಕಿರಿಬಾಟಿಯ ತರಾವಾ ಅಟಾಲಿನಲ್ಲಿ 1980ರ ದಶಕದಲ್ಲಿ ಎರಡು ದ್ವೀಪಗಳ ನಡುವೆ ದಿಬ್ಬದ ಮೇಲೆ ಕಲ್ಲುಮಣ್ಣು ತುಂಬಿ ರಸ್ತೆ ಮಾಡಿದರು. ನೀರು, ಮರಳು ಓಡಾಡುತ್ತಿದ್ದ ದಾರಿ ಮುಚ್ಚಿತು. ಲಗೂನಿನೊಳಗಿದ್ದ ಬಿಕೆಮಾನ್ ಎಂಬ ಪುಟ್ಟ ದ್ವೀಪ ಕರಗಿ ನೀರಿನ ಕೆಳಗೆ ಹೋಯಿತು. ಸಮುದ್ರ ಏರಿ ಮುಳುಗಿತು ಅಂತ ಅದರ ಚಿತ್ರವನ್ನು ಎಲ್ಲೆಲ್ಲೋ ತೋರಿಸುತ್ತಾರೆ. ದೊಡ್ಡ ಕಾರಣ ಆ ರಸ್ತೆ.

ಏನು ಮಾಡಬಹುದು

ಗುತ್ತಿಗೆದಾರರ ಗೋಡೆಯಿಂದ ಶುರು ಮಾಡುತ್ತೇನೆ. ಇಳಿಜಾರು ದಂಡೆಯ ಮೇಲೆ ಅಲೆ ಓಡಿ ಬಂದಾಗ ಅದರ ಶಕ್ತಿ ಮೆಲ್ಲಗೆ ಸೋರುತ್ತದೆ. ನೀರು ಮರಳಿನಲ್ಲಿ ಇಂಗುತ್ತದೆ, ತಂದ ಮರಳನ್ನು ಬಿಟ್ಟು ಹೋಗುತ್ತದೆ. ನೆಟ್ಟಗಿನ ಗೋಡೆಗೆ ಬಡಿದ ಅಲೆ ಹಾಗಲ್ಲ. ಬಂದ ಸಿಟ್ಟಲ್ಲೇ ಹಿಂದಕ್ಕೆ ಹಾರಿ ಗೋಡೆಯ ಬುಡದ ಮರಳನ್ನೇ ಬಗೆಯುತ್ತದೆ. ಕೆಲವೇ ವರ್ಷದಲ್ಲಿ ಗೋಡೆ ಇರುತ್ತದೆ, ಮುಂದೆ ದಂಡೆ ಇರುವುದಿಲ್ಲ. ಗೋಡೆ ಮುಗಿಯುವ ಎರಡು ತುದಿಯಲ್ಲಿ ಕೊರೆತ ಇನ್ನೂ ಜೋರಾಗುತ್ತದೆ. ಆಗ ಅದೇ ಗುತ್ತಿಗೆದಾರರು ‘ಇನ್ನು ಐವತ್ತು ಮೀಟರ್ ಮುಂದುವರಿಸೋಣ’ ಅನ್ನುತ್ತಾರೆ. ಕೊನೆಗೆ ದ್ವೀಪದ ಸುತ್ತ ಕಾಂಕ್ರೀಟ್ ಬಳೆ. ಕಡಲಾಮೆ ಮೊಟ್ಟೆ ಇಡಲು ಹತ್ತಲಾಗುವುದಿಲ್ಲ.

ಗೋಡೆಯ ಇನ್ನೊಂದು ನಷ್ಟ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಬಿರುಗಾಳಿಯಲ್ಲಿ ಅಲೆ ದ್ವೀಪದ ಮೇಲೆ ಹರಿದಾಗ ಮರಳನ್ನೂ ಎಸೆಯುತ್ತದೆ. ದ್ವೀಪ ಎತ್ತರವಾಗುವುದು ಹಾಗೆಯೇ. 2004ರ ಸುನಾಮಿಯ ನಂತರ ಮಾಲ್ಡೀವ್ಸ್‌ನ ಜನವಸತಿ ಇಲ್ಲದ ದ್ವೀಪಗಳಲ್ಲಿ ಹೊಸ ಮರಳಿನ ಪದರ ಸಿಕ್ಕಿತು. 1972ರಲ್ಲಿ ಬೆಬೆ ಚಂಡಮಾರುತ ಫುನಾಫುಟಿಯ ದಿಬ್ಬದ ಮೇಲೆ ಹವಳದ ಚೂರುಗಳ ಒಂದು ದಿಣ್ಣೆಯನ್ನೇ ಎತ್ತಿಹಾಕಿತು. ಉದ್ದ ಸುಮಾರು 19 ಕಿಲೋಮೀಟರ್, ಎತ್ತರ ಆಳುದ್ದಕ್ಕೂ ಜಾಸ್ತಿ. ಆಮೇಲೆ ಅದನ್ನು ಅಲೆಗಳು ಸ್ವಲ್ಪ ಸ್ವಲ್ಪವಾಗಿ ದ್ವೀಪದ ಕಡೆಗೆ ತಳ್ಳಿದವು. ಗೋಡೆ ಕಟ್ಟಿದ ದ್ವೀಪಕ್ಕೆ ಈ ಭಾಗ್ಯ ಇಲ್ಲ.

ಹಾಗಂತ ಗೋಡೆಯೇ ತಪ್ಪು ಅನ್ನುವ ಜನರಲ್ಲಿ ನಾನಿಲ್ಲ. 1987ರಲ್ಲಿ ದೊಡ್ಡ ಅಲೆಗಳು ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ನುಗ್ಗಿದ ಮೇಲೆ ಅಲ್ಲಿ ಟೆಟ್ರಾಪಾಡ್ ಅನ್ನುವ ನಾಲ್ಕು ಕಾಲಿನ ಕಾಂಕ್ರೀಟ್ ಗಟ್ಟಿಗಳ ತಡೆ ಕಟ್ಟಿದರು. ಇಡೀ ದ್ವೀಪವೇ ಊರಾಗಿರುವಾಗ, ಹಿಂದೆ ಸರಿಯಲು ಗೇಣು ಜಾಗ ಇಲ್ಲದಾಗ, ಬೇರೆ ಏನು ಮಾಡಲು ಬರುತ್ತದೆ? ನಿಮಗೆ ಹಿಂದೆ ಜಾಗ ಇದೆ. ಹದಿನಾರು ಕೋಣೆಗಳಲ್ಲಿ ದಂಡೆಯ ಅಂಚಿನವು ಮೂರೋ ನಾಲ್ಕೋ ಇರಬಹುದು. ಅವನ್ನು ಒಳಗೆ ಸರಿಸುವುದು ಗೋಡೆಗಿಂತ ಸಣ್ಣ ಕೆಲಸ. ಯಾರಿಗೂ ಇಷ್ಟವಾಗದ ಸಲಹೆ ಇದು, ಗೊತ್ತು. ಸಮುದ್ರ ಕಾಣುವ ಕೋಣೆಗೇ ಗಿರಾಕಿ ಜಾಸ್ತಿ.

ಮರಳಿನ ಚೀಲ ಒಂದೆರಡು ಮಳೆಗಾಲ ದಾಟಿಸುವ ತಾತ್ಕಾಲಿಕ ಉಪಾಯ. ಅದರಾಚೆ ಬಿಸಿಲಿಗೆ ಹರಿದು ಪ್ಲಾಸ್ಟಿಕ್ ಚಿಂದಿ ಎಲ್ಲ ಹವಳಕ್ಕೆ ಸುತ್ತಿಕೊಳ್ಳುತ್ತದೆ. ಇಟ್ಟರೆ ತೆಗೆಯುವ ದಿನವನ್ನೂ ಆಗಲೇ ಬರೆದಿಡಿ.

ಮಾಲೀಕರ ಪಂಪಿನ ಯೋಚನೆಯಲ್ಲಿ ಅರ್ಧ ಸರಿ ಇದೆ. ಮರಳು ಬೇಕು ಅನ್ನುವುದು ನಿಜ, ಎಲ್ಲಿಂದ ಅನ್ನುವುದು ಪ್ರಶ್ನೆ. ಲಗೂನಿನ ತಳದ ಮರಳು ಸಾಮಾನ್ಯವಾಗಿ ದಂಡೆಯದ್ದಕ್ಕಿಂತ ನುಣುಪು. ಅದನ್ನು ತಂದು ಹಾಕಿದರೆ ಮೊದಲ ಜೋರು ಅಲೆಗೇ ಎದ್ದು ಹೋಗುತ್ತದೆ. ದಡದ ಹತ್ತಿರ ತೋಡಿದರೆ ಆ ಗುಂಡಿ ತುಂಬಲು ನಿಮ್ಮ ದಂಡೆಯೇ ಜಾರಿ ಇಳಿಯುತ್ತದೆ. ಪಂಪ್ ಎಬ್ಬಿಸುವ ಹಾಲಿನಂಥ ಕೆಸರು ಹವಳದ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಅದರ ಬದಲು ಪೂರ್ವದ ದಿಣ್ಣೆಯನ್ನೇ ನೋಡಿ. ಅದು ನಿಮ್ಮದೇ ಮರಳು, ಕಾಳಿನ ಗಾತ್ರವೂ ಸರಿ. ಗಾಳಿ ತಿರುಗಿದ ಮೇಲೆ ಒಂದೆರಡು ತಿಂಗಳು ಕಾಯಿರಿ. ತಾನಾಗಿ ಬರುವಷ್ಟು ಬರಲಿ. ಉಳಿದದ್ದರಲ್ಲಿ ಜೆಟ್ಟಿಗೆ ಒತ್ತಿಕೊಂಡಿರುವ ಭಾಗವನ್ನು ಮಾತ್ರ ತಳ್ಳುಗಾಡಿಯಲ್ಲಿ ಪಶ್ಚಿಮಕ್ಕೆ ಸಾಗಿಸಿ. ಮೊದಲು ಆಮೆಯ ಗೂಡು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಸ್ಥಳೀಯ ಅನುಮತಿ ಬೇಕಾ ಅಂತಲೂ ವಿಚಾರಿಸಿ. ಇದು ಪ್ರತಿ ವರ್ಷದ ಕೆಲಸ. ಆದರೆ ತಪ್ಪಾದರೆ ನಿಲ್ಲಿಸಬಹುದಾದ ಕೆಲಸ.

ನನ್ನನ್ನು ಕೇಳಿದರೆ ದುಡ್ಡು ಹಾಕಬೇಕಾದ್ದು ಜೆಟ್ಟಿಗೆ. ದಡಕ್ಕೆ ಅಂಟಿದ ಭಾಗದ ಕಲ್ಲು ತೆಗೆಸಿ, ಕಂಬಗಳ ಮೇಲೆ ನಿಲ್ಲಿಸಿ, ಕೆಳಗೆ ನೀರು ಮರಳು ಹರಿಯಲು ಬಿಡಿ. ಹಾಗೆ ಮಾಡಿದ ಮಾತ್ರಕ್ಕೆ ಮರುವರ್ಷವೇ ದಂಡೆ ತುಂಬುತ್ತದೆ ಅಂತ ಮಾತು ಕೊಡಲಾರೆ. ದೋಣಿ ಬರಲು ದಿಬ್ಬ ಒಡೆದು ಕಾಲುವೆ ಮಾಡಿದ್ದರೆ ಒಂದಿಷ್ಟು ಮರಳು ಅದರಲ್ಲಿ ಬಿದ್ದು ಆಳಕ್ಕೆ ಹೋಗಿರಬಹುದು, ಅದು ವಾಪಸ್ ಬರುವುದಿಲ್ಲ. ಕಾಲುವೆ ಅಗಲ ಮಾಡುವ ಮಾತು ಬಂದರೆ ಬೇಡ ಅನ್ನಿ.

ಹುಲ್ಲು ಕೀಳಲೇಬೇಡಿ. ಅದು ಪಾಚಿ ಅಲ್ಲ, ಹೂ ಬಿಡುವ ಗಿಡ. ಬೇರು ಮರಳನ್ನು ಹಿಡಿಯುತ್ತದೆ, ಎಲೆ ಅಲೆಯನ್ನು ತಗ್ಗಿಸುತ್ತದೆ. ಅದರ ಎಲೆಗೆ ಅಂಟಿ ಬದುಕುವ ಜೀವಿಗಳೂ ಮರಳು ಮಾಡುತ್ತವೆ. ದಡಕ್ಕೆ ಬಂದು ಬೀಳುವ ಒಣ ಎಲೆ ಸ್ವಲ್ಪ ನಾರುತ್ತದೆ, ನಿಜ. ಅತಿಥಿಗಳು ಇಳಿಯುವ ಜಾಗದಲ್ಲಿ ಮಾತ್ರ ಕೈಯಿಂದ ಎತ್ತಿ, ಕೊರೆತ ಇರುವ ಬುಡಕ್ಕೆ ಹಾಕಿ. ಯಂತ್ರ ಇಳಿಸಿದರೆ ಎಲೆಯ ಜೊತೆ ಮರಳೂ ಹೋಗುತ್ತದೆ.

ಗಿಡ ನೆಡುವುದಾದರೆ ಅಂಚಿನಲ್ಲಿ ತೆಂಗು ಬೇಡ. ಅದರ ಬೇರು ಬುಡದಲ್ಲೇ ಗುಂಪಾಗಿರುತ್ತದೆ, ಕೆಳಗಿನ ಮರಳು ಹೋದರೆ ಇಡೀ ಮರ ಮಗುಚಿಕೊಳ್ಳುತ್ತದೆ. ಮರಳ ಮೇಲೆ ಹಬ್ಬುವ, ಆಡಿನ ಗೊರಸಿನ ಆಕಾರದ ಎಲೆ, ನೇರಳೆ ಹೂವಿನ ಬಳ್ಳಿ ಇರುತ್ತದಲ್ಲ, ಅದು ಮುಂದೆ. ಅದರ ಹಿಂದೆ ಕೇದಗೆ, ಇನ್ನೂ ಹಿಂದೆ ಸುರಹೊನ್ನೆ. ಕಸ ಅಂತ ಬಳ್ಳಿ ಕಿತ್ತು ದಿನಾ ಗುಡಿಸುವ ಅಭ್ಯಾಸ ಇದ್ದರೆ ನಿಲ್ಲಿಸಿ.

ಮರಳು ಮಾಡುವವರನ್ನೂ ಮರೆಯಬೇಡಿ. ನಿಮ್ಮ ಅಡುಗೆಮನೆಗೆ ಗಿಳಿಮೀನು ತರಿಸಬೇಡಿ. ಬೆಲೀಜ್ ದೇಶ 2009ರಲ್ಲೇ ಅದನ್ನು ಹಿಡಿಯುವುದನ್ನು ನಿಷೇಧಿಸಿದೆ. ದ್ವೀಪದಲ್ಲಿ ಇಲಿ ಜಾಸ್ತಿಯಾಗಿದ್ದರೆ ಅದಕ್ಕೂ ದಿಬ್ಬಕ್ಕೂ ನಂಟಿದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಇಲಿ ಇರುವ ಮತ್ತು ಇಲ್ಲದ ದ್ವೀಪಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಇಲಿ ಹಕ್ಕಿಯ ಮೊಟ್ಟೆ, ಮರಿ ತಿನ್ನುತ್ತದೆ; ಇಲಿ ಇಲ್ಲದ ಕಡೆ ಕಡಲ ಹಕ್ಕಿಗಳ ಸಾಂದ್ರತೆ 760 ಪಟ್ಟು. ಹಕ್ಕಿ ಹಿಕ್ಕೆಯ ಸಾರ ಮಳೆಯಲ್ಲಿ ಇಳಿದು ಪಕ್ಕದ ದಿಬ್ಬ ಸೇರುತ್ತದೆ. ಅಲ್ಲಿ ಮೀನಿನ ಒಟ್ಟು ತೂಕ ಸುಮಾರು ಶೇ. 48 ಜಾಸ್ತಿ. ಆದರೆ ಇದನ್ನೇ ನೆಪ ಮಾಡಿ ಶೌಚದ ನೀರು ಲಗೂನಿಗೆ ಬಿಡಬೇಡಿ. ಅದು ಒಂದೇ ಕಡೆ ಬಿದ್ದು ಪಾಚಿ ಬೆಳೆಸಿ ಹವಳ ಮುಚ್ಚುತ್ತದೆ.

ಹವಳದ ತುಂಡು ನೆಡುವ ಯೋಜನೆ ಹಿಡಿದುಕೊಂಡು ಯಾರಾದರೂ ಬರಬಹುದು. ಅತಿಥಿಗಳಿಗೆ ಒಳ್ಳೆಯ ಅನುಭವ, ಬೇಡ ಅನ್ನಲ್ಲ. ಅದರಿಂದ ದಂಡೆ ಉಳಿಯುತ್ತದೆ ಅಂತ ಮಾತ್ರ ನಂಬಬೇಡಿ. ದಿಬ್ಬ ಅಲೆಯ ಶಕ್ತಿಯನ್ನು ಸರಾಸರಿ ಶೇ. 97ರಷ್ಟು ಕುಗ್ಗಿಸುತ್ತದೆ. ಆ ಕೆಲಸ ಮಾಡುವುದು ಸಾವಿರಾರು ವರ್ಷ ಕಟ್ಟಿದ ಇಡೀ ದಿಬ್ಬ, ಬುಟ್ಟಿಯಲ್ಲಿ ನೆಟ್ಟ ಕಡ್ಡಿಗಳಲ್ಲ. ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಬಿಸಿಯಾಗಿ ಕೆಲವು ವಾರ ನಿಂತರೆ ಹವಳ ಬಿಳಿಚಿಕೊಳ್ಳುತ್ತದೆ, ಹೊಸದಾಗಿ ನೆಟ್ಟದ್ದೂ ಅದರಲ್ಲೇ ಹೋಗುತ್ತದೆ. ಇರುವ ದಿಬ್ಬವನ್ನು ಕಡಿಯದೆ ಇರುವುದೇ ದೊಡ್ಡದು. ಬಾಲಿಯ ಚಂಡಿದಾಸಾದಲ್ಲಿ 1970–80ರ ದಶಕಗಳಲ್ಲಿ ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ಹವಳ ಕಿತ್ತರು. ಪ್ರವಾಸಿಗರು ಯಾವ ದಂಡೆಗಾಗಿ ಬರುತ್ತಿದ್ದರೋ ಆ ದಂಡೆಯೇ ಹೋಯಿತು.

ಬಾವಿ

ದ್ವೀಪದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಉಪ್ಪುನೀರು ಭಾರ ಅನ್ನುವ ಒಂದೇ ಕಾರಣಕ್ಕೆ. ಲೆಕ್ಕದ ಪ್ರಕಾರ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ನಲವತ್ತು ಅಡಿ ಇರಬೇಕು. ಹವಳದ ಕಲ್ಲು ಜರಡಿಯಂಥದ್ದು, ಉಬ್ಬರ-ಇಳಿತಕ್ಕೆ ಎರಡೂ ನೀರು ಕಲಸಿಹೋಗಿ ನಿಜವಾಗಿ ಸಿಗುವುದು ತುಂಬಾ ಕಮ್ಮಿ. ದ್ವೀಪ ಕಿರಿದಾದಷ್ಟೂ ಈ ಪದರ ತೆಳುವಾಗುತ್ತದೆ. ಆದರೆ ಬರೀ ಹನ್ನೆರಡು ಹೆಜ್ಜೆ ಹೋದದ್ದಕ್ಕೆ ಬಾವಿ ಉಪ್ಪಾಗುವುದು ಅನುಮಾನ. ಮೋಟಾರು ಜೋರಾಗಿ ಎಳೆಯುತ್ತಿರಬಹುದು. ಒಂದೇ ಬಾವಿಯಿಂದ ಒಂದೇ ಸಲ ಎಳೆದರೆ ಕೆಳಗಿನ ಉಪ್ಪುನೀರು ಗೋಪುರದ ಹಾಗೆ ಮೇಲೆದ್ದು ಬರುತ್ತದೆ. ಎರಡು ಮೂರು ಕಡೆ ಆಳ ಇಲ್ಲದ ಬಾವಿಗಳಿಂದ ಸ್ವಲ್ಪ ಸ್ವಲ್ಪ ಎತ್ತಿ. ಸೂರಿನ ಮಳೆನೀರನ್ನು ತೊಟ್ಟಿಗೆ ಹಿಡಿಯಿರಿ. ತಿಂಗಳಿಗೊಮ್ಮೆ ಉಪ್ಪಿನಂಶ ಅಳೆದು ಬರೆದಿಡಿ, ನಾಲಗೆಯ ಅಂದಾಜು ಬೇಡ.

ಎಲ್ಲಕ್ಕೂ ಮುಂಚೆ, ಈ ವಾರವೇ ಗೂಟ ಹೊಡೆಯಿರಿ. ದ್ವೀಪದ ಸುತ್ತ ಹತ್ತು ಕಡೆ, ದಂಡೆಯಿಂದ ಸಾಕಷ್ಟು ಒಳಗೆ, ಗಟ್ಟಿ ಮರಗಳ ಪಕ್ಕ. ಪ್ರತಿ ಗೂಟದಿಂದ ಗಿಡಬಳ್ಳಿಯ ಅಂಚಿಗೆ ಎಷ್ಟು, ಉಬ್ಬರದ ಗೆರೆಗೆ ಎಷ್ಟು ಅಂತ ಟೇಪಿನಲ್ಲಿ ಅಳೆದು, ಅದೇ ಜಾಗದಲ್ಲಿ ನಿಂತು ಒಂದು ಫೋಟೋ. ಹುಣ್ಣಿಮೆಗೊಮ್ಮೆ ಮಾಡಿದರೆ ತಪ್ಪದೆ ನೆನಪಿರುತ್ತದೆ. ಹನ್ನೆರಡು ಹುಣ್ಣಿಮೆ ಆಗುವವರೆಗೆ ಗುತ್ತಿಗೆದಾರರಿಗೆ ಮುಂಗಡ ಕೊಡಬೇಡಿ. ಸಮುದ್ರ ಕೋಣೆಯ ಅಡಿಪಾಯಕ್ಕೇ ಬಂದರೆ ಮಾತ್ರ ಚೀಲ ಇಟ್ಟು ಕೋಣೆ ಖಾಲಿ ಮಾಡಿಸಿ. ಗೂಟ ಕಬ್ಬಿಣದ್ದು ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿದು ಯಾರದಾದರೂ ಕಾಲಿಗೆ ಚುಚ್ಚುತ್ತದೆ. ಮರದ್ದೇ ಇರಲಿ, ಬಣ್ಣ ಬಳಿದು, ಅಲ್ಲಿನ ದೋಣಿಯವರನ್ನು ಜೊತೆಗೆ ಕರೆದುಕೊಂಡು ಹೊಡೆಯಿರಿ.